ಬೀಗಿತ್ತಿಯರ ಹಡಗು

ಜೂನ್ ೪

ಹಲ್ಲಿನ ಬೀಗಿತ್ತಿಯವರಿಗೆ ಚೀಲದ ಬೀಗಿತ್ತಿಯ ನಮಸ್ಕಾರಗಳು.

ಟಿಕೆಟ್ ಸಿಕ್ಕಿತು! ಕ್ಷೇಮ ಸಮಾಚಾರ ಆಮೇಲೆ, ಮೊದಲು ಇದನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಅಕ್ಟೋಬರ್ ಹದಿನಾಲ್ಕಕ್ಕೆ ಹಡಗು. ಇಬ್ಬರಿಗೂ ಸೇರಿ ಒಂದು ಕ್ಯಾಬಿನ್, ಗುಂಡನೆಯ ಕಿಟಕಿ ಇರುವಂಥದ್ದು. ಟಿಕೆಟ್ ಕೊಡುವ ಮಹಾಶಯ ನನ್ನ ಮುಖವನ್ನೇ ನೋಡಿ, "ಏನಮ್ಮಾ, ಇಷ್ಟು ವರ್ಷ ಹಡಗು ಹತ್ತೋರ ಪೆಟ್ಟಿಗೆ ರಿಪೇರಿ ಮಾಡ್ಕೊಂಡೇ ಇದ್ರಿ, ಈಗ ನೀವೇ ಹತ್ತೋಕೆ ಹೊರಟ್ರಾ?" ಎಂದ. "ಯಾಕೆ, ನನ್ನ ಭಾರಕ್ಕೆ ಮುಳುಗುತ್ತೆ ಅಂತ ಭಯಾನಾ?" ಎಂದೆ. ನಗುತ್ತಾ ಒಂದೇ ಟಿಕೆಟಿಗೆ ಎರಡು ಸಲ ಸೀಲು ಹೊಡೆದ.

ನಿಜ ಹೇಳಲು ನಾಚಿಕೆಯಾಗುತ್ತದೆ. ಬಂದರಿನ ಗೇಟಿನ ಎದುರಿಗೇ ನನ್ನ ಅಂಗಡಿ. ಕಿತ್ತುಹೋದ ಜಿಪ್ಪು, ಮುರಿದ ಹಿಡಿ, ಉದುರಿದ ಚಕ್ರ, ಎಲ್ಲವನ್ನೂ ಹಡಗು ಕೂಗುವುದರೊಳಗೆ ಸರಿಮಾಡಿ ಜನರನ್ನು ಸಾಗಹಾಕುವುದೇ ನನ್ನ ಕಸುಬು. ನಾನು ಮಾತ್ರ ಒಂದು ದಿನವೂ ಹಡಗಿನ ಮೆಟ್ಟಿಲಿಗೆ ಕಾಲಿಟ್ಟವಳಲ್ಲ. ನೀವೋ, ಸಮುದ್ರವನ್ನೇ ಕಂಡಿಲ್ಲ. ಮದುವೆಯ ದಿನ ಎರಡೂ ಕಡೆಯವರು ಮುಖ ಬಿಗಿದುಕೊಂಡು ಕೂತಿದ್ದಾಗ ನೀವು ಎದ್ದು ಬಂದು ನನ್ನ ಪಕ್ಕ ಕೂತು, "ಸಮುದ್ರದ ನೀರು ನಿಜವಾಗ್ಲೂ ಅಷ್ಟು ಉಪ್ಪಾ, ಇಲ್ಲ ಜನ ಸುಮ್ಮನೆ ಹೇಳ್ತಾರಾ?" ಎಂದು ಕೇಳಿದಿರಲ್ಲ, ಆವತ್ತೇ ತೀರ್ಮಾನ ಮಾಡಿದೆ, ಈ ಹೆಂಗಸಿನ ಜೊತೆ ಒಂದು ಸಲ ಹಡಗು ಹತ್ತಲೇಬೇಕು ಎಂದು.

ಎರಡು ರಾತ್ರಿ ನೀರಿನ ಮೇಲೆ. ಆಮೇಲೆ ಉತ್ತರದ ಬಂದರಿನಲ್ಲಿ ಇಳಿದು ಬಸ್ಸು. ಶರತ್ಕಾಲದಲ್ಲಿ ಆ ಬೆಟ್ಟದ ರಸ್ತೆಯುದ್ದಕ್ಕೂ ಮರಗಳೆಲ್ಲ ಕೆಂಪು ಹಳದಿ ಆಗಿರುತ್ತವಂತೆ. ಅಲ್ಲಲ್ಲಿ ತಂಗುತ್ತಾ, ಯಾರಿಗೂ ಅಡುಗೆ ಮಾಡಿ ಹಾಕದೆ, ಯಾರ ಕೈಯಲ್ಲೂ "ಬೇಗ ಬೇಗ" ಎನ್ನಿಸಿಕೊಳ್ಳದೆ, ಕೊನೆಗೆ ಮಕ್ಕಳ ಊರು ಸೇರುವುದು. ನಿಮ್ಮ ಮಗ, ನನ್ನ ಮಗಳು ಬಾಗಿಲಲ್ಲಿ ನಿಂತು "ಬಂದ್ರಾ" ಎನ್ನಬೇಕು. ನಾವಿಬ್ಬರೂ "ಅಯ್ಯಪ್ಪಾ, ಕಾಲು" ಎನ್ನುತ್ತಾ ಸೀದಾ ಒಳಗೆ ಹೋಗಿ ಅವರ ಮಂಚ ಹಿಡಿದುಬಿಡಬೇಕು.

ಒಂದು ವಿಷಯ ಈಗಲೇ ಇತ್ಯರ್ಥವಾಗಲಿ. ನೀವು ಗೊರಕೆ ಹೊಡೆಯುತ್ತೀರಾ?

ಇಂತಿ,
ನಿಮ್ಮ ಚೀಲದ ಬೀಗಿತ್ತಿ


ಜೂನ್ ೧೬

ಚೀಲದ ಬೀಗಿತ್ತಿಯವರಿಗೆ ನಮಸ್ಕಾರ.

ಗೊರಕೆಯ ವಿಚಾರ. ನಾನು ಹೊಡೆಯುತ್ತೇನೆಂದು ಹೇಳುತ್ತಿದ್ದವರು ನಮ್ಮ ಯಜಮಾನರೊಬ್ಬರೇ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಹಾಗಾಗಿ ಆರೋಪ ನಿಲ್ಲುವುದಿಲ್ಲ.

ತಯಾರಿ ನಡೆದಿದೆ. ಸಂಜೆ ಹೊತ್ತು ನಡೆದು ಕಾಲು ಗಟ್ಟಿಮಾಡಿಕೊಳ್ಳುತ್ತಿದ್ದೇನೆ. ಹಡಗಿನಲ್ಲಿ ವಾಂತಿಯಾಗದಿರಲು ಗುಳಿಗೆ ಕೊಡಿ ಎಂದರೆ ಔಷಧಿ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಊರಲ್ಲಿ ಯಾವ ಹಡಗಮ್ಮಾ?" ಎಂದ. ನಿನಗೆ ಯಾಕಪ್ಪಾ ಊರ ಉಸಾಬರಿ, ಗುಳಿಗೆ ಕೊಡು ಎಂದೆ. ನಾನು ಕೆಲಸ ಮಾಡುವ ಕೋಣೆಯಲ್ಲಿ, ಹಲ್ಲಿನ ಅಚ್ಚುಗಳ ಶೆಲ್ಫಿನ ಪಕ್ಕದಲ್ಲೇ, ಒಂದು ನಕ್ಷೆ ತೂಗುಹಾಕಿದ್ದೇನೆ. ಪ್ಲಾಸ್ಟರಿನ ಪುಡಿ ಬಿದ್ದು ನಮ್ಮ ಸಮುದ್ರವೆಲ್ಲ ಬೆಳ್ಳಗಾಗಿದೆ, ದಿನಾ ಒರೆಸುತ್ತೇನೆ.

ನಿನ್ನೆ ಒಬ್ಬ ಹಿರಿಯರು ತಮ್ಮ ಕಾಲೇಜಿನ ದಿನಗಳ ಫೋಟೋ ತಂದು, "ಹಲ್ಲಿನ ಸೆಟ್ಟು ಹೀಗೇ ಬರಬೇಕು" ಎಂದರು. ಹಲ್ಲು ಮಾಡಿಕೊಡುತ್ತೇನೆ ಸ್ವಾಮಿ, ಆ ಕೂದಲಿಗೆ ಮಾತ್ರ ಬೇರೆ ಅಂಗಡಿ ನೋಡಬೇಕು ಎಂದೆ. ದಂತದ ಡಾಕ್ಟರು ನನ್ನ ಮೇಲೆ ಕಣ್ಣು ಬಿಟ್ಟರು. ಹಿರಿಯರು ನಕ್ಕರು, ಹಲ್ಲಿಲ್ಲದ ನಗು ಬಹಳ ಚೆಂದ.

ಇನ್ನೊಂದು ಮಾತು. ಸೊಸೆ ಮೊದಲು ವಾರಕ್ಕೊಂದು ಪತ್ರ ಬರೆಯುತ್ತಿದ್ದಳು. ಈಚೆಗೆ ಒಂದೂ ಇಲ್ಲ. ಮಗ ಭಾನುವಾರ ಫೋನ್ ಮಾಡುತ್ತಾನೆ, ಆದರೆ ಅವಳ ಕೈಗೆ ಕೊಡುವುದೇ ಇಲ್ಲ. ನನ್ನಿಂದ ಏನಾದರೂ ತಪ್ಪಾಯಿತೇ? ಅತ್ತೆಯಾದವಳ ಬಾಯಿ ಎಲ್ಲಿ ಏನು ಅಂದಿರುತ್ತದೋ ಅವಳಿಗೇ ಗೊತ್ತಿರುವುದಿಲ್ಲ. ಅವಳು ನಿಮಗೇನಾದರೂ ಬರೆದಿದ್ದರೆ ಮುಚ್ಚುಮರೆಯಿಲ್ಲದೆ ಹೇಳಿ.

ಇಂತಿ,
ಹಲ್ಲಿನ ಬೀಗಿತ್ತಿ


ಜುಲೈ ೧೦

ಬೀಗಿತ್ತಿಯವರಿಗೆ ನಮಸ್ಕಾರ.

ಉತ್ತರ ತಡವಾಯಿತು, ಬೇಸರಿಸಬೇಡಿ. ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ.

ನಿಮ್ಮ ಸೊಸೆ ಚೆನ್ನಾಗಿದ್ದಾಳೆ. ಕಚೇರಿಯವರು ಅದೇನೋ ತರಬೇತಿ ಎಂದು ಬೇರೆ ಊರಿಗೆ ಕಳಿಸಿದ್ದಾರೆ. ಅದಕ್ಕೇ ಪತ್ರವಿಲ್ಲ. ನಿಮ್ಮಿಂದ ಏನೂ ತಪ್ಪಾಗಿಲ್ಲ, ಸುಮ್ಮನೆ ತಲೆಗೆ ಹಚ್ಚಿಕೊಳ್ಳಬೇಡಿ. ಈ ಮಾತನ್ನು ನಾನು ಮನಸ್ಸಿನಿಂದ ಹೇಳುತ್ತಿದ್ದೇನೆ, ನಂಬಿ.

ಪ್ರಯಾಣದ ಬಗ್ಗೆ ಯೋಚಿಸುತ್ತಿದ್ದೆ. ಉತ್ತರದ ಬಂದರಿನಲ್ಲಿ ಇಳಿದು ಅಲ್ಲೇ ಸುತ್ತಾಡಿ ವಾಪಸಾದರೆ ಹೇಗೆ? ಬೆಟ್ಟದ ರಸ್ತೆ ಹದಗೆಟ್ಟಿದೆಯಂತೆ. ಮಕ್ಕಳಿಗೂ ಯಾಕೆ ತೊಂದರೆ? ನಾಳೆ ಯೋಚಿಸಿದರಾಯಿತು.

ಈಗ ಒಂದು ಉಪಕಾರ ಬೇಕು. ಅಂಗಡಿಗೆ ಹೊಲಿಗೆಗೆಂದು ಒಬ್ಬ ಹುಡುಗಿ ಸೇರಿದ್ದಾಳೆ. ಪಾಪ, ಸ್ಟೂಲಿನಿಂದ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಳು. ಇಲ್ಲಿಯ ಡಾಕ್ಟರು ಮೊದಲು ಮಾಡಿಕೊಟ್ಟ ಹಲ್ಲು ನೋಡಿದರೆ ನಿಮಗೆ ಸಿಟ್ಟು ಬರುತ್ತದೆ, ಗೋಡೆಗೆ ಬಳಿದ ಸುಣ್ಣದ ಹಾಗೆ ಬೆಳ್ಳಗೆ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಮಾತಾಡುತ್ತಾಳೆ. ನಿಮ್ಮ ಕೈಯ ಹಲ್ಲು ಹಲ್ಲಿನ ಹಾಗೇ ಇರುತ್ತದೆ ಎಂದು ನಾನು ಕಂಡಿದ್ದೇನಲ್ಲ. ಅಚ್ಚನ್ನೂ ಬಣ್ಣದ ನಂಬರನ್ನೂ ಡಾಕ್ಟರಿಂದ ತರಿಸಿ ಪಾರ್ಸೆಲ್ ಮಾಡಿದ್ದೇನೆ. ತೆಗೆದು ಹಾಕುವಂಥ ಹಲ್ಲಾದರೂ ಸಾಕು.

ಇಂತಿ,
ನಿಮ್ಮ ಚೀಲದ ಬೀಗಿತ್ತಿ


ಜುಲೈ ೨೦

ಬೀಗಿತ್ತಿಯವರೇ,

ಇದನ್ನು ನಾನು ಅಂಚೆಗೆ ಹಾಕುವುದಿಲ್ಲ. ಬರೆಯದೇ ಇದ್ದರೆ ಮಾತ್ರ ಕೈ ಕೆಲಸಕ್ಕೆ ಏಳುವುದಿಲ್ಲ.

ಪಾರ್ಸೆಲ್ ಬೆಳಿಗ್ಗೆ ಬಂತು. ಸುತ್ತಿದ್ದ ಹತ್ತಿ ಬಿಡಿಸಿ ಅಚ್ಚನ್ನು ಅಂಗೈಯಲ್ಲಿಟ್ಟುಕೊಂಡೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಇದು ನಿಮ್ಮ ಅಂಗಡಿಯ ಹುಡುಗಿಯ ಬಾಯಲ್ಲ. ನನ್ನ ಸೊಸೆಯದು.

ಮದುವೆಯಾದ ಹೊಸದರಲ್ಲಿ ಇಬ್ಬರೂ ನನ್ನ ಮನೆಗೆ ಬಂದಿದ್ದಾಗ, ಅವಳು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ ಎಂದು ಮಗ ನಗುತ್ತಾ ದೂರು ಹೇಳಿದ. ನಾನೇ ಅವಳನ್ನು ಕೂರಿಸಿಕೊಂಡು ಅಚ್ಚು ತೆಗೆದು, ಮಲಗುವಾಗ ಹಾಕಿಕೊಳ್ಳಲು ಒಂದು ಕವಚ ಮಾಡಿಕೊಟ್ಟೆ. ಮೇಲಿನ ಸಾಲಿನ ಎಡಗಡೆಯ ಕೋರೆಹಲ್ಲು ಪಕ್ಕದ್ದರ ಮೇಲೆ ಸ್ವಲ್ಪ ಹತ್ತಿ ಕೂತಿದೆ. ಬಲಗಡೆ ಒಂದು ಹಲ್ಲು ಒಳಗೆ ತಿರುಗಿದೆ. ನನಗೆ ಜನರ ಮುಖ ಮರೆತುಹೋಗುತ್ತದೆ, ಬಾಯಿ ಮರೆಯುವುದಿಲ್ಲ. ಆ ಹಳೆಯ ಅಚ್ಚು ಶೆಲ್ಫಿನಲ್ಲೇ ಇತ್ತು. ತೆಗೆದು ಪಕ್ಕಪಕ್ಕ ಇಟ್ಟೆ. ಮುರಿದ ಒಂದನ್ನು ಬಿಟ್ಟರೆ ಎಲ್ಲವೂ ಅದೇ.

ಅವಳು ನಿಜವಾಗಿಯೂ ಬಿದ್ದಿದ್ದರೆ ನೀವು ನನ್ನಿಂದ ಮುಚ್ಚಿಡುತ್ತಿರಲಿಲ್ಲ. "ಅಯ್ಯೋ, ನಿಮ್ಮ ಸೊಸೆ ಹಲ್ಲು ಮುರ್ಕೊಂಡ್ಲು" ಎಂದು ನಾಲ್ಕು ಪುಟ ಬರೆದು ನನ್ನನ್ನು ನಗಿಸಿ ಅಳಿಸುತ್ತಿದ್ದಿರಿ. ಮಗನೂ ಸುಳ್ಳು ಹೇಳುತ್ತಿದ್ದಾನೆ. ಹೋದ ಭಾನುವಾರ ಕೇಳಿದರೆ, "ಸ್ನಾನಕ್ಕೆ ಹೋಗಿದ್ದಾಳಮ್ಮಾ" ಎಂದ. ನಿಮ್ಮ ಪತ್ರದಲ್ಲಿ ಅವಳು ತರಬೇತಿಯಲ್ಲಿದ್ದಾಳೆ, ಅವನ ಫೋನಿನಲ್ಲಿ ಬಚ್ಚಲುಮನೆಯಲ್ಲಿದ್ದಾಳೆ. ಅವಳ ಬಾಯಿ ಮಾತ್ರ ನನ್ನ ಮೇಜಿನ ಮೇಲಿದೆ.

ನನ್ನ ಮಗ ಹೊಡೆದಿದ್ದಾನೆ. ಬರೆದುಬಿಟ್ಟೆ. ಅವನ ಬಾಯಲ್ಲಿ ಬಂದ ಮೊದಲ ಹಲ್ಲನ್ನು ಬೆರಳಿಟ್ಟು ಮುಟ್ಟಿ ನೋಡಿ ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಹೆತ್ತ ಕರುಳು ಇನ್ನೂ ಒಂದು ಸಂದು ಹುಡುಕುತ್ತಿದೆ, ಬಾಗಿಲು ತಗಲಿರಬಹುದು, ಏನೋ ಆಗಿರಬಹುದು ಎಂದು. ಥೂ, ನನ್ನ ಮೇಲೇ ನನಗೆ ಹೇಸಿಗೆಯಾಗುತ್ತಿದೆ.

ನಿಮ್ಮ ಮುಂದೆ ಹೇಗೆ ಮುಖ ಎತ್ತಲಿ? ಎಷ್ಟು ಆಸೆಯಿಂದ ಕಾಯುತ್ತಿದ್ದೆ ಗೊತ್ತೇ ಆ ಹಡಗಿಗೆ? ಈ ವಯಸ್ಸಿನಲ್ಲಿ ಗೆಳತಿ ಸಿಗುವುದು ಸುಲಭವೇ? ಗೊತ್ತಾಯಿತು ಎಂದು ನಾನು ಬಾಯಿಬಿಟ್ಟ ದಿನ ಅದೂ ಹೋಗುತ್ತದೆ.


ಜುಲೈ ೨೪

ಚೀಲದ ಬೀಗಿತ್ತಿಯವರಿಗೆ ನಮಸ್ಕಾರ.

ಹಲ್ಲು ಕಳಿಸಿದ್ದೇನೆ. ಅಂಗುಳಿಗೆ ಕೂರುವ ತೆಳ್ಳನೆಯ ಪ್ಲೇಟು, ಎರಡು ಕಡೆ ತಂತಿಯ ಕೊಂಡಿ. ಹಾಕುವಾಗ ಕಚ್ಚಿ ಒತ್ತಬಾರದು, ಬೆರಳಿನಿಂದ ಕೂರಿಸಬೇಕು. ಮಲಗುವಾಗ ತೆಗೆದು ನೀರಿನಲ್ಲಿಡಲಿ. ಗಟ್ಟಿ ಪದಾರ್ಥ ಮುಂದಿನ ಹಲ್ಲಿನಿಂದ ಕಚ್ಚುವುದು ಬೇಡ. ಬಣ್ಣವನ್ನು ಡಾಕ್ಟರ ನಂಬರಿಗಿಂತ ಒಂದು ಎಳೆ ಹಳದಿಗೆ ತಂದಿದ್ದೇನೆ, ಪಕ್ಕದ ಹಲ್ಲುಗಳಿಗೆ ಅದೇ ಹೊಂದುತ್ತದೆ.

ಹುಡುಗಿಗೆ ಈಗಲೂ ನೋವಿದೆಯೇ? ಊಟ ಸರಿಯಾಗಿ ಮಾಡುತ್ತಾಳೆಯೇ? ಹೇಗೆ ಬಿದ್ದಳು ಎಂದು ಇನ್ನೊಂದು ಸಲ ಬರೆಯಿರಿ. ಕೆಲಸದ ದೃಷ್ಟಿಯಿಂದ ಕೇಳುತ್ತಿದ್ದೇನೆ.

ಪ್ರಯಾಣದ ವಿಷಯ ನೀವು ಹೇಳಿದಂತೆಯೇ ಆಗಲಿ.

ಇಂತಿ,
ಹಲ್ಲಿನ ಬೀಗಿತ್ತಿ


ಆಗಸ್ಟ್ ೫

ನನ್ನ ಹಲ್ಲಿನ ಬೀಗಿತ್ತಿಯವರಿಗೆ ಸಾವಿರ ನಮಸ್ಕಾರ.

ನಿಮ್ಮ ಕೈಗೆ ಏನು ಕೊಟ್ಟರೂ ಕಡಿಮೆ! ಹಾಕಿಕೊಂಡು ಕನ್ನಡಿ ಮುಂದೆ ನಿಂತವಳು ಅಲ್ಲಾಡಲೇ ಇಲ್ಲ. ಆಮೇಲೆ ತಿರುಗಿ ನನ್ನ ಕಡೆ ನೋಡಿ ನಕ್ಕಳು. ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನಾನು ಒಳಗೆ ಹೋಗಿ, ಸೂಟ್‌ಕೇಸುಗಳ ಮರೆಯಲ್ಲಿ ನಿಂತು ಕಣ್ಣು ಒರೆಸಿಕೊಂಡೆ. ಪಕ್ಕದ ಗಡಿಯಾರದಂಗಡಿಯವನು, "ಏನಕ್ಕಾ, ಸೂಜಿ ಚುಚ್ಚಿತಾ?" ಎಂದ. ಹೌದಪ್ಪಾ ಎಂದೆ.

ಅಷ್ಟೊಂದು ವಿವರ ಕೇಳಿದ್ದೀರಿ. ಸ್ಟೂಲ್ ಹತ್ತಿ ಮೇಲಿನ ಬಕಲ್ ಡಬ್ಬ ತೆಗೆಯುವಾಗ ಕಾಲು ಜಾರಿತು, ಮೇಜಿನ ಅಂಚಿಗೆ ಬಾಯಿ ಬಡಿಯಿತು. ಅಷ್ಟೇ.

ನಿಮ್ಮ ಪತ್ರ ಯಾಕೋ ಒಣಗಿದ ಹಾಗಿತ್ತು. ರಸ್ತೆ ಬೇಡ ಎಂದೆನೆಂದು ಮುನಿಸೇ? ನನ್ನ ಜೊತೆ ಬರುವ ಮನಸ್ಸೇ ಹೋಯಿತೋ ಏನೋ ಎಂದು ಹೆದರಿಕೆಯಾಗುತ್ತದೆ. ಹಾಗೆ ಮಾಡಬೇಡಿ. ಈಚೆಗೆ ನನಗೆ ಎದುರು ನೋಡಲು ಇರುವುದು ಆ ಹಡಗೊಂದೇ. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಬಂದರಿನ ಕಡೆ ನೋಡಿ, ಇನ್ನೊಂದು ದಿನ ಹತ್ತಿರವಾಯಿತು ಎಂದುಕೊಳ್ಳುತ್ತೇನೆ.

ಇಂತಿ,
ನಿಮ್ಮ ಚೀಲದ ಬೀಗಿತ್ತಿ


ಆಗಸ್ಟ್ ೧೨

ಬೀಗಿತ್ತಿಯವರೇ,

ಇನ್ನು ಮುಚ್ಚುಮರೆ ಬೇಡ. ನನಗೆ ಗೊತ್ತು. ಅಚ್ಚು ಕೈಗೆ ಬಂದ ದಿನವೇ ಗೊತ್ತಾಯಿತು, ಅದು ಯಾರ ಬಾಯಿ ಎಂದು. ನಾನೇ ಹಿಂದೊಮ್ಮೆ ಅಚ್ಚು ತೆಗೆದ ಬಾಯಿ ಅದು.

ನಿಮ್ಮನ್ನು ಕೇಳುವ ಮೊದಲು ಮಗನನ್ನು ಕೇಳಬೇಕೆನಿಸಿತು. ರಜೆ ಹಾಕಿ ಬಸ್ಸು ಹಿಡಿದು ಹೋದೆ. ಮನೆ ತುಂಬ ಎಲ್ಲೆಂದರಲ್ಲಿ ತಟ್ಟೆ, ಬಟ್ಟೆ. ಅವಳ ಎರಡೂ ಅಚ್ಚು ನನ್ನ ಶೆಲ್ಫಿನಲ್ಲಿವೆ, ನನಗೆ ಸುಳ್ಳು ಹೇಳಬೇಡ ಎಂದೆ. ಮೊದಲು "ಅವಳೇ ಬಿದ್ಲು" ಎಂದ. ನಾನು ಅವನ ಮುಖವನ್ನೇ ನೋಡುತ್ತಾ ಕೂತೆ. ಆಮೇಲೆ ನನ್ನ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತ. "ಹೊಡೆದೆ ಅಮ್ಮಾ. ಒಂದೇ ಸಲ. ಕೈ ಮೀರಿ ಹೋಯ್ತು. ಅವಳು ಎಲ್ಲಿದಾಳೆ ಅಂತಾನೂ ಗೊತ್ತಿಲ್ಲ, ಅತ್ತೆ ಕೇಳಿದ್ರೆ ಇಲ್ಲಿಗೆ ಬಂದೇ ಇಲ್ಲ ಅಂತಾರೆ. ಒಂದು ಸಲ ಕಾಲಿಗೆ ಬೀಳೋಕೆ ಬಿಟ್ರೆ ಸಾಕು" ಎಂದ.

ಅವನು ಹಾಗೆ ಅತ್ತದ್ದನ್ನು ನಾನು ಅವನಪ್ಪ ಹೋದಾಗಲೂ ನೋಡಿರಲಿಲ್ಲ. ನಿಮ್ಮ ಹತ್ತಿರವೇ ಇದ್ದಾಳೆ, ಅಂಗಡಿಯ ಮೇಲಿನ ಕೋಣೆಯಲ್ಲಿರಬೇಕು, ಹೋಗಿ ಕ್ಷಮೆ ಕೇಳು ಎಂದು ನಾನೇ ಹೇಳಿದೆ. ಈ ಭಾನುವಾರ ಬರುತ್ತಾನೆ. ಈ ಪತ್ರ ಅವನಿಗಿಂತ ಮೊದಲು ತಲುಪಲಿ ಎಂದು ಈಗಲೇ ಓಡುತ್ತಿದ್ದೇನೆ.

ಬಾಗಿಲು ತೆಗೆಯಿರಿ. ಅವನು ತಪ್ಪು ಮಾಡಿದ್ದಾನೆ, ಆದರೆ ಕಟುಕನಲ್ಲ. ಎಲ್ಲ ಸರಿಹೋದರೆ ಅಕ್ಟೋಬರಿನಲ್ಲಿ ನಾವು ಅಂದುಕೊಂಡ ಹಾಗೇ ಅವರ ಬಾಗಿಲಿಗೆ ಹೋಗಬಹುದು.

ನಿಮ್ಮ
ಹಲ್ಲಿನ ಬೀಗಿತ್ತಿ


ಆಗಸ್ಟ್ ೨೧

ನಿಮ್ಮ ಪತ್ರ ಸೋಮವಾರ ಬಂತು. ನಿಮ್ಮ ಮಗ ಭಾನುವಾರವೇ ಬಂದಿದ್ದ.

ನಾನು ಒಬ್ಬರ ಪೆಟ್ಟಿಗೆ ಕೊಡಲು ಬಂದರಿನ ಒಳಗೆ ಹೋಗಿದ್ದೆ. ಯಾವತ್ತೂ ಇಳಿಯದ ಮಗಳು ಗಿರಾಕಿ ಎಂದುಕೊಂಡು ಆವತ್ತು ಕೆಳಗಿಳಿದಳು. ಅವನ ಕೈಯಲ್ಲಿ ಹೂವಿತ್ತಂತೆ. ಕಾಲಿಗೂ ಬಿದ್ದನಂತೆ. "ನನ್ನ ಜೊತೆ ಬಾ" ಎಂದನಂತೆ. ಅವಳು "ಇಲ್ಲ" ಎಂದಳು. ಅಷ್ಟೇ, ದನಿ ಬದಲಾಯಿತು. "ಅಮ್ಮನ ಹತ್ರ ಚಾಡಿ ಹೇಳ್ತೀಯಾ? ನನ್ನ ಮರ್ಯಾದೆ ಕಳೀತೀಯಾ?" ಎಂದು ಮಣಿಕಟ್ಟು ಹಿಡಿದು ತಿರುಚಿದ. ಬ್ಯಾಗುಗಳ ಸ್ಟ್ಯಾಂಡು ಉರುಳಿದ ಸದ್ದಿಗೆ ಗಡಿಯಾರದಂಗಡಿಯವನು ಓಡಿಬಂದದ್ದಕ್ಕೆ ಅವಳು ಉಳಿದಳು. ಹೋಗುವಾಗ ನಿಮ್ಮ ಮಗ, "ಈಗ ಜಾಗ ಗೊತ್ತಾಯ್ತಲ್ಲ" ಎಂದು ಹೇಳಿ ಹೋದ.

ಅವಳಿರುವ ಜಾಗ ಅವನಿಗೆ ತಿಳಿಯಬಾರದೆಂದೇ ಇಷ್ಟೆಲ್ಲ ಸುಳ್ಳು ಹೆಣೆದದ್ದು. ಅವಳು ಕೆಳಗೆ ಇಳಿಯದೆ, ಕಿಟಕಿ ತೆಗೆಯದೆ ಕೂತದ್ದು. ಒಂದು ಮಾತು, ಒಂದೇ ಒಂದು ಮಾತು ನನ್ನನ್ನು ಕೇಳಿದ್ದರೆ ನಾನು ಹೇಳುತ್ತಿದ್ದೆನಲ್ಲ! ವಾರಗಟ್ಟಲೆ ಎಲ್ಲ ಗೊತ್ತಿದ್ದೂ ನನಗೆ ಹಲ್ಲು ತೊಳೆಯುವ ಪಾಠ ಹೇಳಿಕೊಂಡು ಕೂತಿರಿ. ನನ್ನನ್ನು ಬಿಟ್ಟು ಅವನನ್ನು ಕೇಳಲು ಹೋದಿರಿ.

ಒಂದೇ ಸಲ ಅಂದನೇ? ನೀವು ನಂಬಿದಿರೇ? ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆಂದು ಕವಚ ಮಾಡಿಕೊಟ್ಟಿರಿ. ಮದುವೆಯಾಗಿ ವಾರ ಕಳೆದಿರಲಿಲ್ಲ. ಯಾಕೆ ಕಡಿಯುತ್ತೀಯೇ ಎಂದು ನೀವೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದಕ್ಕೂ ಮೊದಲು ಅವಳಿಗೆ ಆ ಅಭ್ಯಾಸ ಇರಲಿಲ್ಲ.

ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಾನೇ ನಿಮಗೆ ಹೇಳಿದೆ ಎಂದುಕೊಂಡಿದ್ದಾಳೆ. ನೀವು ಬರೆಯಬೇಡಿ.


ಸೆಪ್ಟೆಂಬರ್ ೧೬

ಬೀಗಿತ್ತಿಯವರೇ,

ಬರೆಯಬೇಡಿ ಎಂದಿರಿ. ಆದರೂ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಅದು ಸರಿಯೇ. ಆ ಪತ್ರಗಳಲ್ಲಿ ಕ್ಷಮೆ ಕೇಳಿದ್ದಕ್ಕಿಂತ ನನ್ನನ್ನು ನಾನು ಸಮರ್ಥಿಸಿಕೊಂಡದ್ದೇ ಜಾಸ್ತಿ ಇತ್ತು. ಇದು ಕ್ಷಮೆಯ ಪತ್ರವಲ್ಲ. ನಡೆದದ್ದನ್ನು ತಿಳಿಸುವ ಪತ್ರ.

ಮೊನ್ನೆ ಮಧ್ಯಾಹ್ನ ಮಗ ನಾನು ಕೆಲಸ ಮಾಡುವಲ್ಲಿಗೇ ಬಂದ. ಯಾರೋ ವಕೀಲರನ್ನು ನೋಡಿಬಂದಿದ್ದನಂತೆ.

"ಅಮ್ಮಾ, ಆ ಅಚ್ಚುಗಳನ್ನ ಒಡೆದು ಹಾಕು."

"ಯಾಕೆ?"

"ಅವಳು ಕೇಸ್ ಹಾಕಿದ್ರೆ ಯಾಕೆ ಬೇಕು ರಗಳೆ? ಹೇಗೂ ಅವಳೇ ಬಿದ್ದಿದ್ದು."

"ಹೊಡೆದೆ ಅಂತ ನನ್ನ ಮಡಿಲಲ್ಲಿ ಅತ್ತೆಯಲ್ಲೋ?"

"ನಾನು ಹಾಗಂದೇ ಇಲ್ಲ. ನಿನಗೆ ವಯಸ್ಸಾಯ್ತು, ಏನೋ ಕೇಳಿಸ್ಕೊಂಡೆ."

ಇಷ್ಟು ಸಲೀಸಾಗಿ ಹೇಳಿದ, ಹಾಲು ಮುಗಿದಿದೆ ಎನ್ನುವ ಹಾಗೆ. ಒಂದು ಕ್ಷಣ ನನಗೇ ಅನುಮಾನ ಬಂತು. ನಿಮ್ಮ ಮಗಳಿಗೆ ಎಷ್ಟು ದಿನ ಹೀಗೆ ಅನ್ನಿಸಿರಬೇಕು!

ನಾನು ಎದ್ದು ಶೆಲ್ಫಿಗೆ ಅಡ್ಡ ನಿಂತೆ. "ನೀನು ನನ್ನ ಅಮ್ಮನೋ, ಅವಳ ಅಮ್ಮನೋ?" ಎಂದ. "ನಿನ್ನ ಅಮ್ಮನೇ. ಅದಕ್ಕೇ ಹೇಳ್ತಿದೀನಿ, ಹೋಗಿ ನಿಜ ಒಪ್ಕೋ. ಇಲ್ಲದಿದ್ರೆ ನಾನು ಹೇಳ್ತೀನಿ" ಎಂದೆ. ಅವನ ಕೈ ಮೇಲೆ ಹೋಯಿತು. ನಾನು ಕಣ್ಣು ಮುಚ್ಚಿದೆ. ಪೆಟ್ಟು ನನಗೆ ಬೀಳಲಿಲ್ಲ, ಶೆಲ್ಫಿಗೆ ಬಿತ್ತು. ಪೂರ್ತಿ ಸಾಲು ನೆಲಕ್ಕೆ ಬಂತು, ಅವಳ ಎರಡು ಅಚ್ಚುಗಳೂ, ಯಾವ ಪಾಪವೂ ಅರಿಯದ ಹತ್ತಾರು ಜನರ ಬಾಯಿಗಳೂ. ನಾನು ಕಣ್ಣು ಬಿಟ್ಟಾಗ ಅವನ ಮುಖ ನನ್ನ ಮುಖದ ಹತ್ತಿರವೇ ಇತ್ತು. ಅವಳು ಕಂಡ ಮುಖವನ್ನು ಆವತ್ತು ನಾನೂ ಕಂಡೆ. ಅವನು ನನ್ನ ಮಗ ಎಂದು ನನ್ನ ಕಾಲಿಗೆ ಗೊತ್ತಾಗಲಿಲ್ಲ, ಅದು ತಾನಾಗಿಯೇ ಹಿಂದಕ್ಕೆ ಸರಿಯಿತು.

ಡಾಕ್ಟರು ಬಂದರು, ಅವನು ಹೊರಟುಹೋದ. ನಾನು ಚೂರುಗಳನ್ನು ಗುಡಿಸಿದೆ. ಯಾವುದು ಯಾರದೆಂದು ನನಗೂ ಗುರುತು ಸಿಗಲಿಲ್ಲ.

ಅಚ್ಚು ಹೋಯಿತು. ನಾನಿದ್ದೇನೆ. ಹೊಡೆದೆ ಎಂದು ಅವನು ಹೇಳಿದ್ದನ್ನು ನನ್ನ ಎರಡು ಕಿವಿಯಿಂದ ಕೇಳಿದ್ದೇನೆ. ನಿಮ್ಮ ಮಗಳು ದೂರು ಕೊಡುವುದಾದರೆ ಅವರಿದ್ದ ಊರಿನಲ್ಲೇ ಕೊಟ್ಟರೆ ಒಳ್ಳೆಯದು ಎಂದು ನಾನೂ ಒಬ್ಬ ವಕೀಲರನ್ನು ಕೇಳಿ ತಿಳಿದುಕೊಂಡೆ. ನಾನು ಬರುತ್ತೇನೆ, ಹೇಳುತ್ತೇನೆ. ಕೊಡುವುದಿಲ್ಲ ಎಂದರೆ ಅದೂ ಅವಳಿಷ್ಟ, ನಾನು ಬಾಯಿ ಹಾಕುವುದಿಲ್ಲ. ನಿಮ್ಮ ಕ್ಯಾಬಿನ್ನಿನಲ್ಲಿ ನನಗೆ ಜಾಗ ಕೊಡಿ ಎಂದು ಕೇಳುತ್ತಿಲ್ಲ. ಹಡಗಿನ ಯಾವ ಮೂಲೆಯಾದರೂ ಆದೀತು, ಬೇರೆ ಬಸ್ಸಾದರೂ ಆದೀತು.

ಅವನಿಗೂ ಇದನ್ನೇ ಬರೆದು ತಿಳಿಸಿದ್ದೇನೆ. ಅಂಚೆಗೆ ಹಾಕಿ ಬಂದ ಮೇಲೆ ಊಟ ಸೇರಲಿಲ್ಲ. ಈಗಲೂ ಅವನು ಹಸಿದಿದ್ದಾನೋ ಏನೋ ಎಂದು ಮನಸ್ಸು ಯೋಚಿಸುತ್ತದೆ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಇಂತಿ,
ಏನೆಂದು ಸಹಿ ಹಾಕಬೇಕೋ ಗೊತ್ತಿಲ್ಲ


ಅಕ್ಟೋಬರ್ ೨

ಹಲ್ಲಿನವರಿಗೆ,

ನಿಮ್ಮ ಪತ್ರವನ್ನು ನಾನು ಓದಿ, ಮಗಳ ಮುಂದೆ ಇಟ್ಟೆ. ಮೂರು ದಿನ ಅದು ಊಟದ ಮೇಜಿನ ಮೇಲೇ ಇತ್ತು. ಅವಳು ಯಾವಾಗ ಓದಿದಳೋ ನೋಡಲಿಲ್ಲ. ನಾಲ್ಕನೇ ದಿನ, "ನೀನು ಹೇಳಿರ್ಲಿಲ್ಲ ಅಲ್ವಾ ಅಮ್ಮಾ?" ಎಂದಳು. ಇಲ್ಲ ಕಣೇ ಎಂದೆ. ಆಮೇಲೆ ಇಬ್ಬರೂ ಒಟ್ಟಿಗೆ ಅತ್ತೆವು. ಗಡಿಯಾರದಂಗಡಿಯವನು ಈ ಸಲ ಏನೂ ಕೇಳದೆ ಟೀ ತಂದಿಟ್ಟು ಹೋದ.

ನಿಮ್ಮ ಹತ್ತಿರವೇ ಯಾಕೆ ಅಚ್ಚು ಕಳಿಸಿದೆ ಎಂದು ಅವಳು ಕೇಳಿದಳು. ನಾನು ಹೊಲಿದ ಚೀಲವನ್ನು ಎಷ್ಟು ವರ್ಷವಾದ ಮೇಲೆ, ಯಾರ ಹೆಗಲ ಮೇಲೆ ಕಂಡರೂ ಗುರುತು ಹಿಡಿಯುತ್ತೇನೆ. ನಿಮಗೂ ಹಾಗೇ ಇರಬಹುದೆಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಪ್ಲಾಸ್ಟರು ಪ್ಲಾಸ್ಟರು, ಅದರಲ್ಲಿ ಯಾರ ಬಾಯಾದರೇನು ಎಂದುಕೊಂಡೆ. ಮಗಳಿಗೆ ಒಳ್ಳೆಯ ಹಲ್ಲು ಬೇಕಿತ್ತು, ಒಳ್ಳೆಯ ಹಲ್ಲು ಎಂದರೆ ನೀವು. ಅದರಾಚೆ ಯೋಚನೆ ಓಡಲಿಲ್ಲ.

ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ. ಕೈ ಬರಲಿಲ್ಲ. ಬಂದಾಗ ಬರೆಯುತ್ತೇನೆ. ಆದರೆ ಹಡಗಿನ ಯಾವುದೋ ಮೂಲೆಯಲ್ಲಿ ನಿಮ್ಮನ್ನು ಬಿಟ್ಟು ನಾನು ಗುಂಡು ಕಿಟಕಿಯಲ್ಲಿ ಸಮುದ್ರ ನೋಡುತ್ತಾ ಕೂರುವುದು ಆಗದ ಮಾತು. ಅಷ್ಟು ಕಲ್ಲು ಮನಸ್ಸು ನನ್ನದಲ್ಲ, ಮತ್ತು ಆ ಟಿಕೆಟ್ ನಿಮ್ಮದು. ಮಗಳು ದೂರು ಕೊಡುತ್ತಾಳೆ. ತೀರ್ಮಾನ ಅವಳದೇ. ಮೂರನೆಯ ಟಿಕೆಟ್ ತೆಗೆಸಿದ್ದೇನೆ. ಬಸ್ಸು ಬೆಟ್ಟದಲ್ಲಿ ಅಲ್ಲಲ್ಲಿ ನಿಲ್ಲುತ್ತದೆ, ಇಳಿದು ಕಾಲಾಡಿಸಬಹುದು. ಮರಗಳು ಕೆಂಪಾಗಿರುತ್ತವೋ ಇಲ್ಲವೋ, ನೋಡುವ ಮನಸ್ಸು ಇರುತ್ತದೋ ಇಲ್ಲವೋ, ನಾನು ಹೇಳಲಾರೆ.

ಹದಿಮೂರಕ್ಕೇ ಬಂದುಬಿಡಿ. ಸೀದಾ ಅಂಗಡಿಗೆ ಬನ್ನಿ. ಗುಳಿಗೆ ಮರೆಯಬೇಡಿ, ಮೂವರಿಗೆ ಸಾಕಾಗುವಷ್ಟು ತನ್ನಿ.

ಚೀಲದವಳು

ಅತ್ತೆ, ಅಮ್ಮ ಕವರು ಅಂಟಿಸುವ ಮೊದಲು ಕಸಿದುಕೊಂಡು ಕೆಳಗೆ ಇಷ್ಟು ಬರೆಯುತ್ತಿದ್ದೇನೆ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ನಾನಿರುವ ಜಾಗ ಹೇಳಿದ್ದಕ್ಕೆ. ಹಡಗಿನಲ್ಲಿ ಮಾತಾಡದೆ ಕೂತರೆ ತಪ್ಪು ತಿಳಿಯಬೇಡಿ. ಹಲ್ಲು ಚೆನ್ನಾಗಿ ಕೂತಿದೆ. ನೋಡಿದ ಯಾರಿಗೂ ಏನಾಗಿತ್ತೆಂದು ಗೊತ್ತಾಗುವುದಿಲ್ಲ. ಅದಕ್ಕೇ ಅಲ್ಲಿ ಪೊಲೀಸರ ಮುಂದೆ ಹೇಳಿಕೆ ಕೊಡುವಾಗ ಅದನ್ನು ತೆಗೆದುಬಿಡುತ್ತೇನೆ. ನಿಮ್ಮ ಕೈಗೆ ಕೊಡುತ್ತೇನೆ. ನಾನು ಎಲ್ಲ ಹೇಳಿ ಮುಗಿಸುವವರೆಗೆ ಹಿಡಿದುಕೊಂಡಿರಿ.